ದೌಲತರಾಯ ಮಾಸ್ತರರ ಜಲ್ಸಾ

ಅಫಜಲಪುರದ ಸುತ್ತಮುತ್ತ ಎಲ್ಲಿ ಬಾಟಲಿಯ ಮುಚ್ಚಳ ತಿರುವಿದರೂ ಅಲ್ಲಿ ದೌಲತರಾಯ ಮಾಸ್ತರರು ಹಾಜರು. ಕುಡಿಯುವುದು ಮಾತ್ರ ಬರೀ ಸೋಡಾ. ಭಾನುವಾರ ಮಧ್ಯಾಹ್ನ ಸೊನ್ನದ ಕಡೆ ಭೀಮೆಯ ದಂಡೆಯಲ್ಲಿ ಜಮಖಾನೆ ಹಾಸಿದೊಡನೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಬೈಕಿನ ಚಾವಿಗಳನ್ನು ಅವರ ಟೋಪಿಯೊಳಗೆ ಹಾಕಬೇಕು. ಹಾಕದವರಿಗೆ ಖಾರದ ಶೇಂಗಾ ಇಲ್ಲ. ಆಮೇಲೆ ಪಾಠ. "ಜಲ್ಸಾ ಅಂದ್ರ ಕುಡ್ದು ಕುಣಿಯೋದಲ್ಲಲೇ. ಅರಬ್ಬಿಯೊಳಗ ಅದರ ಮೂಲ ಕುಂದ್ರೋದು ಅಂತ. ಉರ್ದುದಾಗ ಸಭಾಕ್ಕ ಜಲ್ಸಾ ಅಂತಾರ. ನಾವು ಸಭಾ ಬಿಟ್ಟು ಶೆರೆ ಇಟ್ಕೊಂಡ್ವಿ." ಕೇಳಿ ಕೇಳಿ ಬೇಸತ್ತ ಭಗವಂತ ಎಂಬ ಶಿಷ್ಯ ಇದನ್ನು ಮಾಸ್ತರರಿಗಿಂತ ಮೊದಲೇ ಒಪ್ಪಿಸಿಬಿಡುತ್ತಾನೆ. ಹೇಳಿ ಹೇಳಿ ಮಾಸ್ತರರಿಗೂ ಸಾಕಾಗಿದೆ, ಬಾಯಿ ಒಣಗಿದೆ. ಆದರೂ ಯಾವನಾದರೂ ತೂರಾಡುತ್ತ ಎದ್ದು, "ಚಾವಿ ಕೊಡ್ರಿ ಸರ್, ಹೊಂಟೇನಿ" ಎಂದರೆ ಸಾಕು, ಟೋಪಿಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಮತ್ತೆ ಮೊದಲಿನಿಂದ ಶುರು: "ಜಲ್ಸಾ ಅಂದ್ರ ಏನಲೇ? ಕುಂದ್ರೋದು. ಕುಂದ್ರು." ನಶೆ ಇಳಿಯುವ ತನಕ ಇದೇ ರಗಳೆ. ಇಳಿಬಿಸಿಲಲ್ಲಿ ಒಬ್ಬೊಬ್ಬರೂ ನೆಟ್ಟಗೆ ನಡೆದು ತೋರಿಸಿ ತಮ್ಮ ತಮ್ಮ ಚಾವಿ ಇಸಿದುಕೊಂಡು ಹೋದ ಮೇಲೂ ಟೋಪಿಯ ತಳದಲ್ಲಿ ಒಂದು ಉಳಿಯುತ್ತದೆ. ಅದು ಯಾರದೆಂದು ಯಾರೂ ಕೇಳುವುದಿಲ್ಲ. ಇಂಥದೇ ಜಲ್ಸಾದಿಂದ ನಡುವೆಯೇ ಎದ್ದುಹೋಗಿ, ಜೇವರ್ಗಿ ರಸ್ತೆಯಲ್ಲಿ ಬಿದ್ದು ಸತ್ತ ಅವರ ತಮ್ಮ ಜಗದೇವನ ಬೈಕಿನ ಚಾವಿ ಅದು. ಮಾಸ್ತರರು ಅದನ್ನು ಜೇಬಿಗಿಳಿಸಿ, ಜಮಖಾನೆ ಮಡಚಿ, ಕಾಲೆಳೆಯುತ್ತ ಬಸ್ಸಿಗೆ ನಡೆಯುತ್ತಾರೆ. ಮುಂದಿನ ಭಾನುವಾರ ಟೋಪಿಗೆ ಎಲ್ಲಕ್ಕಿಂತ ಮೊದಲು ಬೀಳುವುದು ಅದೇ.