ಭಾವನ ಬದಲಿಗೆ ನೀಡಿದ ತೋಳು

ಮೊದಲೇ ಹೇಳಿಬಿಡುತ್ತೇನೆ. ಜಾವಾ ದ್ವೀಪದ ಒಂದು ಜ್ವಾಲಾಮುಖಿಯ ಬುಡದಲ್ಲಿ ನನ್ನ ಭಾವನ ಬಿ.ಪಿ. ನೋಡಿದಾಗ ಪಟ್ಟಿ ಸುತ್ತಿದ್ದು ಅವನ ತೋಳಿಗಲ್ಲ, ನನ್ನ ತೋಳಿಗೆ. ಇದನ್ನು ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ತಮ್ಮ; ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಬೆಳ್ತಂಗಡಿಯವನು, ಮೂಡುಬಿದಿರೆ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ನನಗೆ ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ. ನನ್ನ ಹೆಂಡತಿ ತೀರಿಕೊಂಡ ಮೇಲೆ ಭಾನುವಾರಗಳಲ್ಲಿ ನಾವಿಬ್ಬರೂ ಊರ ಬಳಿಯ ಗಡಾಯಿಕಲ್ಲು ಬೆಟ್ಟ ಹತ್ತುವುದನ್ನು ರೂಢಿ ಮಾಡಿಕೊಂಡೆವು. ಮೊಬೈಲಿನಲ್ಲಿ ಹೊಗೆ ಕಾರುವ ಬೆಟ್ಟಗಳನ್ನು ನೋಡುವ ಹುಚ್ಚು ನನಗೆ ಹತ್ತಿತು. ಕಾಲು ಗಟ್ಟಿ ಇರುವಾಗಲೇ ಅಂಥದ್ದೊಂದನ್ನು ಹತ್ತಬೇಕು ಎಂದು ಹಟ ಹಿಡಿದೆ. ಅಂಗಡಿಗೆ ಬಂದವರಿಗೆಲ್ಲ ಮೊದಲೇ ಹೇಳಿಕೊಂಡೂ ಆಯಿತು.

ಬೆನ್ನಿಗೆ ಒಂದೊಂದು ಬ್ಯಾಗು ಹಾಕಿಕೊಂಡು ಜಾವಾಕ್ಕೆ ಹೊರಟೆವು. ಏಳು ಕಿಲೋ ಮೀರಬಾರದೆಂದು ಭಾವನ ಹೆಂಡತಿ ಅಕ್ಕಿ ತೂಗುವ ತಕ್ಕಡಿಯಲ್ಲೇ ಅವನ ಬ್ಯಾಗು ತೂಗಿದಳು. ಬಿ.ಪಿ. ಮಾತ್ರೆಗಳನ್ನು ಒಂದು ಹಳದಿ ಬಟ್ಟೆಯ ಚೀಲದಲ್ಲಿ ಹಾಕಿ ಬದಿಯ ಜೇಬಿನಲ್ಲಿಟ್ಟಳು. ನಾನು ಕಣ್ಣಾರೆ ಕಂಡಿದ್ದೇನೆ.

ಅಲ್ಲಿ ಮಂಚದ ಮೇಲೆ ಮಂಚವಿರುವ ಕೋಣೆಗಳಲ್ಲಿ, ಮೊಮ್ಮಕ್ಕಳ ಪ್ರಾಯದ ಬಿಳಿಯರ ನಡುವೆ ಮಲಗಿದೆವು. ಭಾವ ಖುಷಿಯಾಗಿದ್ದ. ಅನ್ನದ ಮೇಲಿನ ಕೆಂಪು ಚಟ್ನಿ ಹಚ್ಚಿದ ಮೀನನ್ನು ಮುಟ್ಟಿ ನೋಡಿ, "ಇದು ನಮ್ಮ ಬಂಗುಡೆಯೇ ಮಾರಾಯ, ನಮಗಿಂತ ಮೊದಲು ಬಂದು ಕೂತಿದೆ" ಎಂದು ನಗಾಡಿದ.

ಐದನೆಯ ದಿನ ಬೆಳಿಗ್ಗೆ ಬೆಟ್ಟದ ಬುಡ ತಲುಪಿದೆವು. ಆರೋಗ್ಯದ ಚೀಟಿ ಇಲ್ಲದವರನ್ನು ಮೇಲೆ ಬಿಡುವುದಿಲ್ಲ. ಒಂದು ಸಣ್ಣ ಕೋಣೆಯಲ್ಲಿ ಹುಡುಗಿಯೊಬ್ಬಳು ಬಿ.ಪಿ. ನೋಡಿ ಬರೆದುಕೊಡುತ್ತಿದ್ದಳು. ನನ್ನದು ಸರಿ ಇತ್ತು. ಹೊರಗೆ ಬಂದಾಗ ಭಾವ ನನ್ನನ್ನು ಬದಿಗೆ ಕರೆದ.

"ನಾನು ಒಳಗೆ ಹೋಗುವುದಿಲ್ಲ ಭಾವ, ನನ್ನ ಬಿ.ಪಿ. ಮೇಲೆಯೇ ಇರ್ತದೆ. ಹೊರಟ ದಿನದಿಂದ ಮಾತ್ರೆ ಮುಟ್ಟಲಿಲ್ಲ."

"ಯಾಕೆ?"

"ಅದು ತಿಂದರೆ ಗಳಿಗೆಗೊಮ್ಮೆ ಮೂತ್ರ. ವಿಮಾನದಲ್ಲಿ, ಇಲ್ಲಿನ ಬಸ್ಸಿನಲ್ಲಿ ನನಗೋಸ್ಕರ ನಿಲ್ಲಿಸುವವರು ಯಾರು? ನೀನು ಹೋಗಿ ಬಾ, ನಾನು ಇಲ್ಲೇ ಚಾ ಕುಡಿದುಕೊಂಡು ಕೂತಿರ್ತೇನೆ."

ಆಗ ಸುಮ್ಮನಾಗಬಹುದಿತ್ತು. ಆದರೆ ಒಬ್ಬನೇ ಹೋಗಲು ನನಗೆ ಹೆದರಿಕೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಅವನನ್ನೇ ಚುಚ್ಚಿದೆ.

"ಬೆಳ್ತಂಗಡಿಯವರ ಧೈರ್ಯ ಇಷ್ಟೇಯಾ? ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳ್ತೇನೆ, ಡ್ರೈವರ್ ಚಾ ಕುಡಿಯಲಿಕ್ಕೆ ಜಾವಾಕ್ಕೆ ಹೋದದ್ದು ಅಂತ."

ಅವನು ನಕ್ಕ. "ಹಾಗಾದರೆ ಆ ಚೀಟಿ?"

ನಮ್ಮೂರಿನ ಕಚೇರಿಗಳಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಕ್ಯೂ ನಿಂತು, ಅವರ ಸಹಿಯನ್ನೂ ಹಾಕಿ ಕಾಗದ ಮಾಡಿಸಿಕೊಳ್ಳುವುದು ನಮಗೆ ತಪ್ಪೆಂದು ಅನಿಸಿದ್ದೇ ಇಲ್ಲ. ನಾನಂತೂ ಅದರಲ್ಲಿ ಪಳಗಿದವನು. ಹುಡುಗಿ ಎದ್ದು ಹೋಗಿ ಬೇರೆಯವನು ಬಂದು ಕೂರುವವರೆಗೆ ಕಾದೆ. ಭಾವನ ಜಾಕೆಟ್ ತೊಟ್ಟು, ಅವನ ಪಾಸ್‌ಪೋರ್ಟ್ ಹಿಡಿದು ಒಳಗೆ ಹೋದೆ. ನಮ್ಮಿಬ್ಬರಿಗೂ ಬಿಳಿ ಮೀಸೆ, ದಪ್ಪ ಕನ್ನಡಕ. ನಮ್ಮಿಬ್ಬರನ್ನು ಬೇರೆ ಮಾಡಿ ನೋಡುವ ಗೋಜಿಗೆ ಅವನು ಹೋಗಲಿಲ್ಲ. ಚೀಟಿ ಸಿಕ್ಕಿತು.

"ರೈಟ್, ಪೋಯಿ!" ಎಂದು ಭಾವ ಬಸ್ಸು ಹೊರಡಿಸುವ ಕಂಡಕ್ಟರನ ಹಾಗೆ ಕೂಗಿ ಮುಂದೆ ನಡೆದ.

ದಾರಿಯ ತುಂಬ ಬೂದಿ, ಗಂಟಲು ಹಿಡಿಯುವ ಗಂಧಕದ ವಾಸನೆ. ಮುಕ್ಕಾಲು ಭಾಗ ಹತ್ತಿರಬಹುದು. ಅವನು ಒಂದು ಕಲ್ಲಿನ ಮೇಲೆ ಕೂತ. ನೀರಿನ ಬಾಟಲಿ ಬಲಗೈಯಿಂದ ಜಾರಿತು. ಅದನ್ನು ಅವನು ಹೆಕ್ಕಲಿಲ್ಲ, ನೋಡಲೂ ಇಲ್ಲ. ಏನೋ ಹೇಳಲು ಹೋದಾಗ ಬಾಯಿ ಒಂದು ಬದಿಗೆ ಎಳೆಯಿತು. ನಡೆಯಲಾಗದವರನ್ನು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ, ಮೂವರು ಅವನನ್ನು ಇಳಿಸಿದರು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ಆ ಚೀಟಿ.

ಆಸ್ಪತ್ರೆಯಲ್ಲಿ ಅವನ ಬ್ಯಾಗು ತೆರೆದೆ. ಹಳದಿ ಚೀಲದಲ್ಲಿ ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ. ಇದನ್ನು ಕಂಡರೆ, ಮಾತ್ರೆ ತಿನ್ನದವನ ಬಿ.ಪಿ. ಸರಿ ಇದ್ದದ್ದು ಹೇಗೆ, ಚೀಟಿ ಯಾರದ್ದು ಎಂದು ಕೇಳುತ್ತಾರೆ. ಚೀಲವನ್ನು ಕಸದ ಬುಟ್ಟಿಗೆ ಹಾಕಿದೆ. ಫೋನಿನಲ್ಲಿ ಅವನ ಹೆಂಡತಿ, "ಮಾತ್ರೆ ತಿನ್ನುತ್ತಿದ್ದರಾ ಅಣ್ಣ?" ಎಂದಳು. "ಬ್ಯಾಗಿನಲ್ಲಿ ಮಾತ್ರೆ ಇರಲಿಲ್ಲವಲ್ಲ" ಎಂದು ನನ್ನ ಬಾಯಿಂದ ಬಂತು. "ನಾನು ಇಡಲಿಲ್ಲವಾ?" ಎಂದಳು ಅವಳು.

ಅಲ್ಲಿಂದ ಎರಡು ವರ್ಷ ಅವಳು ಅದನ್ನೇ ಹೇಳಿದಳು. ನೋಡಲು ಬಂದವರಿಗೆಲ್ಲ ಚಾ ಕೊಡುತ್ತಾ, "ನಾನೇ ಮರೆತದ್ದು" ಎನ್ನುವಳು. ತಪ್ಪುಕಾಣಿಕೆ ಎಂದು ಧರ್ಮಸ್ಥಳಕ್ಕೆ ನಡೆದುಕೊಂಡೇ ಹೋಗಿ ಬಂದಳು. ನಾನು ಅದೇ ಮನೆಯಲ್ಲಿ ಅವಳು ಕೊಟ್ಟ ಚಾ ಕುಡಿದೆ.

ಭಾವನಿಗೆ ಬಲಭಾಗ ಹೋಗಿತ್ತು, ಮಾತೂ ಹೋಗಿತ್ತು, ಎಡಗೈಯಲ್ಲಿ ಬರೆಯಲೂ ಅಕ್ಷರ ಕೂಡುತ್ತಿರಲಿಲ್ಲ. ಆದರೆ ಬುದ್ಧಿ ಹೋಗಿರಲಿಲ್ಲ. ಅವಳು "ನಾನೇ ಮರೆತದ್ದು" ಎಂದಾಗಲೆಲ್ಲ ಎಡಗೈಯಿಂದ ಕುರ್ಚಿಯ ಕೈಗೆ ಬಡಿಯುತ್ತಿದ್ದ. ಅದು ಸಿಟ್ಟೆಂದು ತಿಳಿದು ಅವಳು ತಲೆ ತಗ್ಗಿಸುವಳು. ಅವನು ನನ್ನ ಕಡೆ ನೋಡುವನು. ನಾನು, "ಅವನಿಗೆ ಮಲಗಬೇಕಂತೆ" ಎಂದೋ "ನೀರು ಬೇಕಂತೆ" ಎಂದೋ ಹೇಳಿ ಎದ್ದುಬಿಡುತ್ತಿದ್ದೆ. ನಾನು ಮಾಡಿದ್ದರಲ್ಲಿ ಇದಕ್ಕಿಂತ ನೀಚವಾದದ್ದು ಬೇರೆ ಇಲ್ಲ.

ಈ ವರ್ಷ ಭಾವನ ದೊಡ್ಡಮ್ಮ ಬೆಳುವಾಯಿಯಿಂದ ಬಂದಿದ್ದರು. ಎಲ್ಲರೆದುರು, "ಗಂಡನಿಗೆ ನಾಲ್ಕು ಮಾತ್ರೆ ಕಟ್ಟಿಕೊಡಲಿಕ್ಕೆ ನೆನಪಿಲ್ಲದವಳಿಗೆ ಮನೆ ಯಾಕೆ?" ಎಂದರು. ಭಾವ ಕುರ್ಚಿಯ ಕೈಗೆ ಬಡಿದ, ಬಡಿದ, ಗೆಣ್ಣು ಸುಲಿದು ರಕ್ತ ಬಂತು.

ಅಲ್ಲೇ ಹೇಳಿದೆ. ಹಳದಿ ಚೀಲ, ಜಾಕೆಟ್, ನನ್ನ ತೋಳು, ಕಸದ ಬುಟ್ಟಿ, ಎಲ್ಲ.

ಅವಳು ಅಳಲಿಲ್ಲ. "ಇವರು ಕೈ ಬಡಿಯುತ್ತಿದ್ದದ್ದು ಇದಕ್ಕಾ?" ಎಂದು ಮಾತ್ರ ಕೇಳಿದಳು.

"ಹೌದು."

ಹೋಗಿ ಗಂಡನ ಕಾಲ ಬಳಿ ನೆಲದಲ್ಲಿ ಕೂತಳು. "ನನಗೆ ಬೈಯುವುದು ಅಂತ ಎಣಿಸಿದ್ದೆ" ಎಂದಳು. ಅವನು ಎಡಗೈಯನ್ನು ಅವಳ ತಲೆಯ ಮೇಲಿಟ್ಟ. ಅವರಿಬ್ಬರಲ್ಲಿ ಯಾರೂ ನನ್ನನ್ನು ನೋಡಲಿಲ್ಲ. ಅವರಿಬ್ಬರ ಎರಡು ವರ್ಷ ತಿಂದವನು ನಾನು ಎಂದು ಆಗ ಸರಿಯಾಗಿ ಗೊತ್ತಾಯಿತು.

ನಾನು ಮೆಟ್ಟಿಲು ಇಳಿಯುವಾಗ ಅವಳು ಒಳಗಿನಿಂದ ಹೇಳಿದಳು: "ಬುಧವಾರ ಇವರನ್ನು ವ್ಯಾಯಾಮಕ್ಕೆ ಮೂಡುಬಿದಿರೆಗೆ ಕರೆದುಕೊಂಡು ಹೋಗಲಿಕ್ಕೆ ಉಂಟು. ನನ್ನೊಬ್ಬಳಿಂದ ಎತ್ತಲಿಕ್ಕೆ ಆಗುವುದಿಲ್ಲ. ಕಾರು ತನ್ನಿ. ಅಂಗಳದಲ್ಲಿ ನಿಂತರೆ ಸಾಕು, ಒಳಗೆ ಬರುವುದು ಬೇಡ."

ಹೋಗುತ್ತೇನೆ, ಪ್ರತಿ ಬುಧವಾರ. ಗಾಲಿಕುರ್ಚಿಯನ್ನು ಅವಳು ಅಂಗಳದವರೆಗೆ ತಳ್ಳಿ ತರುತ್ತಾಳೆ. ನಾನು ಭಾವನ ಕಂಕುಳಿಗೆ ಕೈ ಕೊಟ್ಟು ಎತ್ತಿ ಕಾರಿನಲ್ಲಿ ಕೂರಿಸುತ್ತೇನೆ. ಅವನ ಮುಖ ನನ್ನ ಹೆಗಲಿಗೆ ತಾಗುತ್ತದೆ. ಅವನು ಅದನ್ನು ಆಚೆ ತಿರುಗಿಸಿಕೊಳ್ಳುತ್ತಾನೆ.