ವಿಭೂತಿ ಹಚ್ಚಿಸಿಕೊಂಡ ಕೋವಿ

ಹೊಸದಾಗಿ ಮನೆಗೆ ಬಂದದ್ದು ಏನೇ ಇರಲಿ, ಮೊದಲು ಅದಕ್ಕೆ ವಿಭೂತಿ ಹಚ್ಚಬೇಕು, ಆಮೇಲೆ ಕೆಲಸ ತೆಗೆಯಬೇಕು ಎಂಬುದು ವಿರೂಪಾಕ್ಷಿಪುರದ ನಮ್ಮ ಮನೆಯ ಪದ್ಧತಿ. ಮಿಕ್ಸಿಗೆ ಹಚ್ಚಿದ್ದೇವೆ, ಬೋರ್‌ವೆಲ್ ಮೋಟಾರಿಗೆ ಹಚ್ಚಿದ್ದೇವೆ, ಟಿಲ್ಲರಿಗೆ ಹಚ್ಚಿದ್ದು ಮಳೆಗೆ ತೊಳೆದುಹೋಯಿತೆಂದು ಮತ್ತೆ ಹಚ್ಚಿದ್ದೇವೆ. ಅವು ಯಾವುವೂ ಬೇಸರಿಸಿಕೊಳ್ಳಲಿಲ್ಲ. ಹೀಗಿರುವಾಗ ನಮ್ಮ ಯಜಮಾನರು ಬೆಳೆ ಕಾಯಲೆಂದು ಲೈಸೆನ್ಸು ಮಾಡಿಸಿ, ಬೆಂಗಳೂರಿನಿಂದ ಹಿಡಿಯನ್ನು ಪಂಪಿನ ಹಾಗೆ ಹಿಂದೆಮುಂದೆ ಎಳೆದು ಗುಂಡೇರಿಸುವ ಪಂಪ್ ಆಕ್ಷನ್ ಕೋವಿಯೊಂದನ್ನು ತಂದ ಮೇಲೆ, ಆಯುಧಪೂಜೆಯ ದಿನ ಕುಡುಗೋಲು ಮಚ್ಚುಗಳೆಲ್ಲ ಪಕ್ಕಕ್ಕೆ ಸರಿದು ಅದಕ್ಕೆ ನಡುಮಣೆ ಬಿಟ್ಟುಕೊಟ್ಟದ್ದರಲ್ಲಿ ಆಶ್ಚರ್ಯವೇನಿದೆ, ನೀವೇ ಹೇಳಿ.

ಯಜಮಾನರದು ಅರೆಬರೆ ಭಕ್ತಿಯಲ್ಲ. ಹೊರಮೈಗಷ್ಟೇ ಮೂರು ಬೆರಳೆಳೆದರೆ ಒಳಗಿನ ಭಾಗಗಳು ನೊಂದುಕೊಂಡಾವೆಂದು, ಕೋವಿಯ ಮುಂಭಾಗದಲ್ಲಿ ನಳಿಗೆಯನ್ನು ಬಿಗಿದಿಡುವ ತಿರುಪಿನ ಮುಚ್ಚಳ ಬಿಚ್ಚಿ, ನಳಿಗೆಯನ್ನು ಕಳಚಿ, ಬಾಳೆಯೆಲೆಯ ಮೇಲೆ ಎಲ್ಲವನ್ನೂ ಮಲಗಿಸಿ, ಒದ್ದೆ ವಿಭೂತಿಯನ್ನು ಧಾರಾಳವಾಗಿ ಬಳಿದರು. ಮರುದಿನ ಒರೆಸಿ ಜೋಡಿಸಿದರೆ ನಳಿಗೆ ಅಲುಗಾಡುತ್ತಿದೆ. ಎತ್ತಿದರೆ ಲೊಟಕ್, ಇಳಿಸಿದರೆ ಲೊಟಕ್. ಬೀಳಲಿರುವ ಹಲ್ಲನ್ನು ನಾಲಗೆ ತಡವುವ ಹಾಗೆ ಅವರು ಆಗಾಗ ಬಂದು ಅದನ್ನು ಅಲ್ಲಾಡಿಸಿ ನೋಡಿ ಹೋಗುತ್ತಿದ್ದರು.

“ಮೋಸ ಆಗೈತೆ ಕಣಮ್ಮಿ. ಯಾರೋ ಬಳಸಿ ಬುಟ್ಟಿದ್ ಮಾಲ್ ಕೊಟ್ಟವ್ರೆ” ಎಂದರು. ಆಮೇಲೆ, “ಒಸಿ ಟೇಪ್ ಸುತ್ತುದ್ರೆ ಕುಂತ್ಕತದೆ” ಎಂದು ಬೋರ್‌ವೆಲ್ ಪೈಪಿಗೆ ಸುತ್ತುವ ಬಿಳಿ ಟೇಪು ಹುಡುಕಿ ತಂದರು. ನೀರೆತ್ತುವ ಪಂಪಿಗೂ ಗುಂಡು ಹಾರಿಸುವ ಪಂಪಿಗೂ ಚಿಕಿತ್ಸೆ ಒಂದೇ ಏನು ಎಂದು ನಾನು ಕೇಳಲಿಲ್ಲ. ಗುಂಡಿನ ಡಬ್ಬಿಯಿದ್ದ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊಲದಲ್ಲಿ ಮುಸುಕಿನ ಜೋಳ ಹಾಲುಗಟ್ಟಿತ್ತು. ಕಾಡುಹಂದಿಗಳು ಒಂದು ಮೂಲೆಯನ್ನು ಆಗಲೇ ಮುಗಿಸಿದ್ದವು. ಆಕಾಶಕ್ಕೊಂದು ಗುಂಡು ಹಾರಿಸಿ ಅವನ್ನು ಹೆದರಿಸಬೇಕೆಂಬ ತವಕ ಅವರದು. ಸಡಿಲ ನಳಿಗೆಯ ಕೋವಿ ಅವರ ಮುಖದ ಬಳಿಯೇ ಏನು ಮಾಡೀತೋ ಎಂಬ ಹೆದರಿಕೆ ನನ್ನದು.

“ಹಂದಿಗೋಳು ಎಲ್ಲಾನೂ ತಿಂದಾಕ್ಬುಡ್ತವೆ. ಕೀ ಕೊಡು.”

“ತಿನ್ಲಿ ಬುಡಿ. ಜೋಳ ಮುಂದಿನ್ ವರ್ಸ ಬತ್ತದೆ. ನಿಮ್ ಕಣ್ಣು ಬತ್ತದಾ?”

ಗಂಡನನ್ನು ಗೇಲಿ ಮಾಡಿಕೊಂಡೇ ಇಷ್ಟು ಕಾಲ ಬಾಳಿದ ನನಗೆ, ಆ ಗೇಲಿ ನಡೆಯಬೇಕಾದರೆ ಅವರು ಇಡಿಯಾಗಿ ಎದುರಿಗೆ ಕೂತಿರಬೇಕು ಎಂಬುದು ಹೊಳೆದದ್ದು ಆವತ್ತು. ಅವರು ಟೇಪನ್ನು ಕಿಟಕಿಯ ಮೇಲಿಟ್ಟು ಕೋವಿಯಂಗಡಿಗೆ ಫೋನು ಹಚ್ಚಿದರು.

ಮುಚ್ಚಳದ ತಿರುಪಿನಲ್ಲಿ ಏನಾದರೂ ಅಂಟಿದೆಯೇ ನೋಡಿ ಎಂದನಂತೆ ಅಂಗಡಿಯವನು. “ಇನ್ನೂ ಒಂದ್ ಗುಂಡೂ ಹಾರ್ಸಿಲ್ಲ ಸ್ವಾಮಿ, ಏನ್ ಅಂಟ್ಕಂಡಿರ್ತದೆ?” ಎಂದು ಗದರಿ, ಫೋನಿಟ್ಟು, ಮುಚ್ಚಳ ಬಿಚ್ಚಿದರು. ತಿರುಪಿನ ಸುತ್ತುಗಳ ತುಂಬ ವಿಭೂತಿ ಒಣಗಿ ಗಾರೆಯ ಹಾಗೆ ಕೂತಿತ್ತು. ಮುಚ್ಚಳ ಅರ್ಧದಾರಿಯಲ್ಲೇ ಗಟ್ಟಿಯಾಗಿ ನಿಂತು, ಬಿಗಿಯಾದಂತೆ ನಂಬಿಸಿ, ನಳಿಗೆಯನ್ನು ಹಿಡಿಯದೆ ಬಿಟ್ಟಿತ್ತು. ನಾನು ನಗಲಿಲ್ಲ, ಅಂಥ ನಗುವನ್ನು ನೆಂಟರು ಬಂದಾಗ ಬಳಸಲೆಂದು ಎತ್ತಿಟ್ಟುಕೊಂಡೆ. ಹಲ್ಲುಜ್ಜುವ ಹಳೆಯ ಬ್ರಷ್ಷು ಕೊಟ್ಟೆ. ಉಜ್ಜಿ, ಎಣ್ಣೆ ಸವರಿ, ಬಿಗಿದರು. ನಳಿಗೆ ಕದಲಲಿಲ್ಲ. ದೇವರು ಎಲ್ಲೆಡೆಯೂ ಇದ್ದಾನೆ, ಸರಿಯೇ. ಆದರೆ ಕಬ್ಬಿಣಕ್ಕೆ ಕಬ್ಬಿಣವೇ ತಾಗಬೇಕಾದ ಒಂದೆರಡು ಕಡೆಗಳಲ್ಲಿ ನಾವಾಗಿ ಅವನನ್ನು ತುರುಕಬಾರದೇನೋ.

ಹೊತ್ತು ಮುಳುಗುವ ಮುಂಚೆ ಕೀಲಿ ಕೊಟ್ಟೆ. ಅವರು ಹೊಲದ ಬದುವಿಗೆ ಹೋದರು. ನಾನು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಒಲೆಯ ಮುಂದೆ ನಿಂತೆ. ಸದ್ದು ಕೇಳಿಸಿತು. ಆಮೇಲೆ ನಾಯಿಗಳ ಬೊಗಳಾಟ, ಆಮೇಲೆ ಏನೂ ಇಲ್ಲ. ಕೊನೆಗೂ ಅವರು ಜಗಲಿ ಹತ್ತಿ, ಖಾಲಿ ಕೋವಿಯನ್ನು ಗೋಡೆಗೊರಗಿಸಿ ಬಾಯಿ ತೆರೆಯುವಷ್ಟರಲ್ಲಿ, “ಕೈ ತೋರ್ಸಿ” ಎಂದೆ. ಎರಡೂ ಕೈ ಚಾಚಿದರು. ಬೆರಳುಗಳನ್ನೆಲ್ಲ ಹಿಡಿದು ನೋಡಿದೆ. ಒಂದು ಕೈಯಲ್ಲಿ ಅವರ ಕೈ ಹಿಡಿದುಕೊಂಡೇ, ಇನ್ನೊಂದರಲ್ಲಿ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದೆ.

“ಹಂದಿಗೋಳು ಏನಾದ್ವೋ ಅಂತ ಕೇಳಕಿಲ್ವಾ?” ಎಂದರು.

ನಾನು ಕೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.