ಗಾಲಿಯ ಮೈಮೇಲೆ ಎರಡು ಗೀರು

ಪಾರ್ಶ್ವನಾಥ ಹಂಜಿ ತೀರಿಕೊಂಡ ಇಪ್ಪತ್ತೊಂದನೆಯ ದಿನ ಬೆಳಗಾವಿ ಬದಿಯ ಮಚ್ಛೆಯ ಫೌಂಡ್ರಿಯಲ್ಲಿ ಅವನ ಗುರುತು ಕಾಣಿಸಿಕೊಂಡಿತು.

ಮೊದಲು ಕಂಡವನು ಹಳೆಯ ಕೆಲಸಗಾರ ಹಣಮಪ್ಪ. ಹಿಂದಿನ ದಿನ ಎರೆದ ಗಾಲಿಯನ್ನು ಮರಳಿನಿಂದ ಬಿಡಿಸಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದವನು ಎದ್ದು ನಿಂತ. "ಮಾಲಕರ, ಸ್ವಲ್ಪ ಇಲ್ಲಿ ಬರ್ರಿ. ಹಂಜಿ ಸರ್ ಬಂದು ಹೋದಂಗ ಐತಿ."

ಮಾಲಕ ಭರಮಪ್ಪ ಬಗ್ಗಿ ನೋಡಿದ. ಗಾಲಿಯ ನಡುವಿನ ದಪ್ಪ ಗುಂಬಕ್ಕೆ ಅರದ ತೋಳು ಕೂಡುವಲ್ಲಿ ಒಂದನ್ನೊಂದು ದಾಟುವ ಎರಡು ಗೀರು. ಇಲ್ಲಿ ಒಳಗೆ ಪೊಳ್ಳಿದೆ ಎಂದು ಪಾರ್ಶ್ವನಾಥ ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಹಾಕುತ್ತ ಬಂದ ಗುರುತು. ಸೀಮೆಸುಣ್ಣವಾಗಿದ್ದರೆ ಒರೆಸಬಹುದಿತ್ತು. ಇದು ಕಬ್ಬಿಣದ ಜೊತೆಗೇ ಹುಟ್ಟಿತ್ತು. ಪಕ್ಕದ ಗಾಲಿಯನ್ನೂ ಉಜ್ಜಿಸಿದ. ಅದರಲ್ಲೂ ಇತ್ತು. ಎರೆದ ಇಪ್ಪತ್ತರಲ್ಲೂ, ಅದೇ ಜಾಗದಲ್ಲಿ.

ಭರಮಪ್ಪ, ಪಾರ್ಶ್ವನಾಥ ಇಬ್ಬರೂ ಖಾನಾಪುರದ ಒಂದೇ ಶಾಲೆಯವರು. ಪಾರ್ಶ್ವನಾಥನ ಅಪ್ಪ ಅಲ್ಲಿಯ ಹೆಂಚಿನ ಕಾರ್ಖಾನೆಯಲ್ಲಿ, ಭಟ್ಟಿಯಿಂದ ಇಳಿದ ಹೆಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದರು. ಗಟ್ಟಿ ಹೆಂಚು ಠಣ್ ಎನ್ನುತ್ತಿತ್ತು. ಒಳಗೆ ಬಿರುಕಿದ್ದದ್ದು ಗೊಗ್ಗರು ದನಿಯಲ್ಲಿ ಉತ್ತರಿಸುತ್ತಿತ್ತು. ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲೇ ಪ್ರಾಧ್ಯಾಪಕನಾಗಿ, ಕರಗಿದ ಕಬ್ಬಿಣ ಅಚ್ಚಿನೊಳಗೆ ಹೇಗೆ ಹರಿದು ಹೇಗೆ ಆರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದರಲ್ಲಿ ಆಯುಷ್ಯ ಕಳೆದ. "ಅಪ್ಪ ಹೆಂಚ ಸುಟ್ಟ ಮ್ಯಾಲೆ ಬಡದು ಕೇಳ್ತಿದ್ದ. ನಾ ಎರೆಯೂಕಿಂತ ಮೊದಲ ಕೇಳ್ತೀನಿ" ಎನ್ನುತ್ತಿದ್ದ.

ಮೊದಮೊದಲು ಒಂದು ಎರಕದ ಲೆಕ್ಕಕ್ಕೆ ಕಂಪ್ಯೂಟರು ನಾಲ್ಕು ದಿನ ಓಡಬೇಕಿತ್ತು. ಯಾರೋ ಒಮ್ಮೆ ಸ್ವಿಚ್ ಆರಿಸಿದ ಮೇಲೆ ಅದಕ್ಕೊಂದು ಚೀಟಿ ಅಂಟಿಸಿದ: ‘ಮುಟ್ಟಬೇಡಿ, ಕಬ್ಬಿಣ ಆರುತ್ತಿದೆ.’ ಎಂಟು ಮಂದಿ ಅವನ ಕೈಕೆಳಗೆ ಪಿಎಚ್.ಡಿ. ಮುಗಿಸಿ ಹೋದರು. ಯಂತ್ರಗಳು ಬದಲಾದವು, ಚೀಟಿ ಉಳಿಯಿತು, ಈಗಲೂ ಇದೆ. ಶಿವಬಸವ ನಗರದ ಮನೆಯ ಪಡಸಾಲೆಯ ತುಂಬ ಕೊಯ್ದ ಕಬ್ಬಿಣದ ತುಂಡುಗಳು, ಪ್ರತಿಯೊಂದರಲ್ಲೂ ಒಂದು ಕಪ್ಪು ತೂತು. "ಮಂದಿ ಮನ್ಯಾಗ ಫೋಟೋ ಇಡ್ತಾರ, ಇವರು ಖಾಲಿ ಜಾಗಾ ತಂದಿಟ್ಟಾರ" ಎಂದು ಹೆಂಡತಿ ಸುಹಾಸಿನಿ ನಗುತ್ತಿದ್ದರು.

ಇನ್ನೂ ಎರೆಯದ ಕಬ್ಬಿಣದ ಬಗ್ಗೆ ಅವನು ಆಗಿಹೋದದ್ದರಂತೆಯೇ ಮಾತಾಡುತ್ತಿದ್ದ. ಭರಮಪ್ಪನಿಗೆ ಅದನ್ನು ಕೇಳಿ ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತಿತ್ತು.

ಈ ಗಾಲಿಗಳು ಆಸ್ಪತ್ರೆಗಳ ಲಿಫ್ಟಿಗೆ ಹೋಗುವಂಥವು. ಅವುಗಳ ಮೇಲೆ ಉಕ್ಕಿನ ಹಗ್ಗ ಓಡುತ್ತದೆ. ಹಗ್ಗದ ತುದಿಗೆ ರೋಗಿಗಳು ತೂಗುತ್ತಾರೆ. ಮರಳಿನಲ್ಲಿ ಅಚ್ಚು ಒತ್ತಲು ಮಾಡಿಸಿದ ಮರದ ಮಾದರಿ ಸಿದ್ಧವಾದ ದಿನ ಪಾರ್ಶ್ವನಾಥ ಕಂಪ್ಯೂಟರಿನಿಂದ ತೆಗೆದ ಚಿತ್ರ ಹಿಡಿದು ಬಂದಿದ್ದ.

"ಲೇ ಭರಮ್ಯಾ, ತೋಳಿನ ಬುಡದಾಗ ಪೊಳ್ಳ ಬಿದ್ದೈತಿ. ಮಾದರಿ ಬದಲಿ ಮಾಡು."

"ಎರಕಾನ ಆಗಿಲ್ಲ, ಪೊಳ್ಳ ಎಲ್ಲಿ ಬಿತ್ತೋ?"

"ನಾ ನೋಡೇನಿ."

"ನಿನ್ನ ಕಂಪ್ಯೂಟರಿನ್ಯಾಗ ಇಲ್ಲೀತನಕ ಒಬ್ಬರ ಕೈಯೂ ಸುಟ್ಟಿಲ್ಲ, ಪಾರ್ಶ್ಯಾ. ನನಗ ಕಬ್ಬಿಣ ಕಲಿಸಾಕ ಬರಬ್ಯಾಡ."

ಪಾರ್ಶ್ವನಾಥ ಚಿತ್ರವನ್ನು ಮೇಜಿನ ಮೇಲಿಟ್ಟ. ಭರಮಪ್ಪ ಫೋನು ಹಿಡಿದು ಹೊರಗೆ ಹೋದಾಗ ಮಾದರಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಇದ್ದ. ಹೊತ್ತು ಮುಳುಗುವ ಮೊದಲು ಉಣ್ಣುವ ಜೈನ ಮನೆತನದವನು. ಹೊತ್ತಾಯಿತು, ಚಹಾ ಕೂಡ ಬೇಡವೆಂದು ಹೊರಟ. ಮೂರನೆಯ ದಿನ ಪಾಠದ ನಡುವೆ ಕುರ್ಚಿಯಲ್ಲಿ ಕುಸಿದವನು ಮತ್ತೆ ಏಳಲಿಲ್ಲ.

ಭರಮಪ್ಪ ಈಗ ಆ ಕೋಣೆಗೆ ಹೋದ. ಮರದ ಗಾಲಿಯ ಮೇಲೆ, ಬಣ್ಣ ಕಿತ್ತು, ಚಾಕುವಿನಿಂದ ಆಳವಾಗಿ ಕೊರೆದ ಎರಡು ಗೀರು. ಅಚ್ಚು ಒತ್ತುವವರು ಅದೂ ಮಾದರಿಯ ಭಾಗವೆಂದುಕೊಂಡಿರಬೇಕು. ಮರದಿಂದ ಮರಳಿಗೆ, ಮರಳಿನಿಂದ ಕಬ್ಬಿಣಕ್ಕೆ ಇಳಿದಿದ್ದವು. ಕಾರಣ ತಿಳಿದ ಮೇಲೂ ಅವನು ಮಾದರಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದ. ಸತ್ತವನು ಜಗಳ ಬಿಟ್ಟಿರಲಿಲ್ಲ.

ಗಿರಾಕಿಯ ಗಾಡಿ ಮರುದಿನ ಬರುವುದಿತ್ತು. ಭರಮಪ್ಪ ಹೊರಗೆ ಬಂದು ಕಬ್ಬಿಣದ ಗಾಲಿಯೊಂದರ ಗೀರಿನ ಮೇಲೆ ಗೆಣ್ಣಿನಿಂದ ಬಡಿದ. ಠಣ್ ಎಂದಿತು. ಮತ್ತೊಮ್ಮೆ ಬಡಿದ. ಹಾಗೆಯೇ. ಕಳಿಸಿಬಿಡಲು ಅಷ್ಟು ಸಾಕಿತ್ತು. ಆದರೆ ಕಬ್ಬಿಣ ಹೆಂಚಿನಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು.

"ಕೊಯ್ಯಿ" ಎಂದ ಹಣಮಪ್ಪನಿಗೆ.

ಗರಗಸ ಗೀರಿನ ನಡುವೆ ಇಳಿಯಿತು. ಅರ್ಧ ದಾರಿಯಲ್ಲಿ ಅದರ ಸದ್ದು ಒಮ್ಮೆಲೇ ಹಗುರವಾಯಿತು. ತುಂಡು ಬೇರೆಯಾದಾಗ ಒಳಗೆ ನೆಲ್ಲಿಕಾಯಿಯಷ್ಟು ಪೊಳ್ಳು. ಅಂದು ಮೇಜಿನ ಖಾನೆಗೆ ತುರುಕಿದ್ದ ಚಿತ್ರವನ್ನು ಭರಮಪ್ಪ ತಂದು ಪಕ್ಕಕ್ಕೆ ಹಿಡಿದ. ಅದೇ ಆಕಾರ, ಎಡಕ್ಕೆ ಅದೇ ಓರೆ. ಬೆರಳಿಟ್ಟ. ಬಾಯಿಯ ಒಳಗಿನಷ್ಟು ಬೆಚ್ಚಗಿತ್ತು.

"ಗರಗಸದ ಕಾವ್ರೀ" ಎಂದ ಹಣಮಪ್ಪ, ಯಾರೂ ಕೇಳದಿದ್ದರೂ.

"ಎಲ್ಲಾ ತಿರುಗಿ ಕರಗಸಾಕ ಹಾಕು. ಮಾದರಿ ಬದಲಿ ಮಾಡೂಣು."

"ಉಳದ ಹತ್ತೊಂಬತ್ತು ಕೊಯ್ದು ನೋಡೂದ ಬ್ಯಾಡ್ರಿ?"

"ಬ್ಯಾಡ" ಎಂದ ಭರಮಪ್ಪ. "ಅಂವ ನೋಡ್ಯಾನ."